ಎತ್ತರದ ಭಯ ಇರುವವರು ಪ್ಯಾರಾಗ್ಲೈಡಿಂಗ್‌ಗೆ ಹೋಗಬಹುದೇ? ಹಾರಿ ಬಂದವರು ದಯವಿಟ್ಟು ತಿಳಿಸಿ

ಸರಸ್ವತಿಪುರಂ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ದಸರಾ ಮುಗಿದ ಮೇಲೆ ನಮ್ಮ ಕಚೇರಿಯ ಕೆಲವರು ಹಿಮಾಚಲ ಪ್ರದೇಶದ ಬೀರ್‌ಗೆ ಪ್ರವಾಸ ಹೊರಟಿದ್ದೇವೆ. ಪೈಲಟ್ ಜೊತೆ ಕುಳಿತು ಹಾರುವ ಟ್ಯಾಂಡಮ್ ಪ್ಯಾರಾಗ್ಲೈಡಿಂಗ್‌ಗೆ ಎಲ್ಲರೂ ಹೆಸರು ಕೊಟ್ಟಿದ್ದಾರೆ. ನನಗೂ ಆಸೆ ಬಹಳ ಇದೆ. ಆದರೆ ಮೂರನೇ ಮಹಡಿಯ ತಾರಸಿಯ ಅಂಚಿಗೆ ಹೋದರೆ ಸಾಕು, ಅಂಗಾಲು ಜುಮ್ಮೆನ್ನುತ್ತದೆ, ಮೊಣಕಾಲಿನ ಬಲ ಹೋಗುತ್ತದೆ. ಚಾಮುಂಡಿ ಬೆಟ್ಟದ ಮೇಲಿನಿಂದ ಊರು ನೋಡುವಾಗಲೂ ಕಂಬಿಯನ್ನು ಬಿಗಿಯಾಗಿ ಹಿಡಿದೇ ನಿಲ್ಲುತ್ತೇನೆ.

"ಧೈರ್ಯ ಮಾಡಿ, ಏನೂ ಆಗುವುದಿಲ್ಲ" ಎಂಬ ಮಾತನ್ನು ಮನೆಯಲ್ಲೂ ಕಚೇರಿಯಲ್ಲೂ ಕೇಳಿ ಸಾಕಾಗಿದೆ. ಅದರಿಂದ ಭಯ ಎಳ್ಳಷ್ಟೂ ಕಡಿಮೆಯಾಗಿಲ್ಲ. ಮೇಲೆ ಹೋದಾಗಿನಿಂದ ಇಳಿಯುವವರೆಗೆ ನಿಜವಾಗಿ ಏನೇನು ನಡೆಯುತ್ತದೆ? ನಡುವೆ ಗಾಳಿ ನಿಂತರೆ ಏನು ಗತಿ? ಜಾತ್ರೆಯ ತೊಟ್ಟಿಲಿನಲ್ಲಿ ಕೆಳಗೆ ಬರುವಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಅದು ಇಲ್ಲಿಯೂ ಆಗುತ್ತದೆಯೇ? ಕೊನೆಯ ಕ್ಷಣದಲ್ಲಿ ಬೇಡ ಎನ್ನಬಹುದೇ? ತಿಳಿದವರು ವಿವರವಾಗಿ ಬರೆಯಿರಿ, ಎಷ್ಟು ಉದ್ದವಿದ್ದರೂ ಓದುತ್ತೇನೆ.

ಕಬ್ಬಿನ ಗದ್ದೆಯ ಹುಡುಗ, ಮಂಡ್ಯ

ಅಕ್ಕ, ನಾನು ಮಹಾರಾಷ್ಟ್ರದ ಕಾಮಶೇತ್‌ನಲ್ಲಿ ಹಾರುವುದನ್ನು ಕಲಿತವನು. ಬೀರ್‌ನಲ್ಲಿಯೂ ಹಾರಿದ್ದೇನೆ. ನೀವು ಕೇಳಿದಂತೆ ಕ್ರಮವಾಗಿಯೇ ಹೇಳುತ್ತೇನೆ.

ಬೀರ್ ಇಳಿಯುವ ಊರು. ಹಾರುವ ಜಾಗದ ಹೆಸರು ಬಿಲ್ಲಿಂಗ್. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದ ಹುಲ್ಲುಗಾವಲು. ಬೀರ್‌ನಿಂದ ಅಲ್ಲಿಗೆ 14 ಕಿಲೋಮೀಟರ್ ಬೆಟ್ಟದ ದಾರಿ, ವಾಹನದಲ್ಲಿ ಕರೆದೊಯ್ಯುತ್ತಾರೆ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದದ್ದು ಅಲ್ಲಿಯೇ. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲದ ನಿಷೇಧವಿರುತ್ತದೆ. ನೀವು ಹೋಗುವ ಅಕ್ಟೋಬರ್ ಅಲ್ಲಿನ ಒಳ್ಳೆಯ ಕಾಲ.

ಹೆಚ್ಚಿನವರಿಗೆ ಎದೆ ಹೊಡೆದುಕೊಳ್ಳುವುದು ಆ ಹುಲ್ಲುಗಾವಲಿನಲ್ಲಿ ಸರದಿಗಾಗಿ ಕಾಯುವಾಗ. ಕೈಯಲ್ಲಿ ಕೆಲಸವಿರುವುದಿಲ್ಲ, ಕಣ್ಣೆದುರು ಒಬ್ಬೊಬ್ಬರೇ ಅಂಚಿನಿಂದಾಚೆ ಹೋಗುತ್ತಿರುತ್ತಾರೆ. ಆ ಹೊತ್ತನ್ನು ಸುಮ್ಮನೆ ಕಳೆಯಬೇಡಿ. ವಿಂಡ್‌ಸಾಕ್ ಎಂಬ ಬಟ್ಟೆಯ ಚೀಲ ಕಂಬದ ಮೇಲೆ ತೂಗುತ್ತಿರುತ್ತದೆ, ಗಾಳಿ ಎತ್ತಲಿಂದ ಬರುತ್ತಿದೆ ಎಂದು ನೋಡಿ. ಅದು ಇಳಿಜಾರಿನ ಕೆಳಗಿನಿಂದ ಮೇಲಕ್ಕೆ, ಹಾರುವವರ ಮುಖಕ್ಕೆ ಬೀಸುತ್ತಿರಬೇಕು. ಬೆನ್ನಿನ ಕಡೆಯಿಂದ ಬೀಸುತ್ತಿದ್ದರೆ ಯಾರೂ ಹಾರುವುದಿಲ್ಲ.

ನಿಮ್ಮ ಸರದಿ ಬಂದಾಗ ಹೆಲ್ಮೆಟ್ ಹಾಕಿ, ಹಾರ್ನೆಸ್ ತೊಡಿಸುತ್ತಾರೆ. ಹಾರ್ನೆಸ್ ಎಂದರೆ ಬೆನ್ನಿಗೆ ಹಾಕುವ ಕುರ್ಚಿ: ಎದೆಗೊಂದು ಪಟ್ಟಿ, ಎರಡು ತೊಡೆಗೆ ಎರಡು ಪಟ್ಟಿ. ಪೈಲಟ್ ನಿಮ್ಮ ಹಿಂದೆ ನಿಲ್ಲುತ್ತಾರೆ, ಬಟ್ಟೆಯ ರೆಕ್ಕೆ ಅವರ ಹಿಂದೆ ಹುಲ್ಲಿನ ಮೇಲೆ ಹರಡಿರುತ್ತದೆ. ಇಬ್ಬರನ್ನು ಹೊರುವ ರೆಕ್ಕೆ ಸುಮಾರು 40 ಚದರ ಮೀಟರ್ ಇರುತ್ತದೆ. ಅವರು ಎಳೆದಾಗ ಅದು ಗಾಳಿ ತುಂಬಿಕೊಂಡು ತಲೆಯ ಮೇಲೆ ಏಳುತ್ತದೆ, ಆಗ ನಿಮ್ಮನ್ನು ಯಾರೋ ಹಿಂದಕ್ಕೆ ಎಳೆದಂತೆ ಆಗುತ್ತದೆ. ಗಾಬರಿ ಬೇಡ, ಅದು ಗಾಳಿ ತುಂಬಿದ ರೆಕ್ಕೆಯ ಎಳೆತ. "ಓಡಿ" ಎಂದ ಕೂಡಲೇ ಇಳಿಜಾರಿನಲ್ಲಿ ಮುಂದಕ್ಕೆ ಓಡಬೇಕು. ಜಿಗಿಯಬಾರದು, ಕುಳಿತುಕೊಳ್ಳಬಾರದು. ಕಾಲು ನೆಲದಿಂದ ಎದ್ದ ಮೇಲೂ ಪೈಲಟ್ ಸಾಕು ಎನ್ನುವವರೆಗೆ ಓಡುತ್ತಲೇ ಇರಬೇಕು. ಹೊಸಬರು ಮಾಡುವ ದೊಡ್ಡ ತಪ್ಪು ಬೇಗ ಕುಳಿತುಬಿಡುವುದು. ಆಗ ಇಬ್ಬರೂ ಹುಲ್ಲಿನ ಮೇಲೆ ಜಾರಬೇಕಾಗುತ್ತದೆ.

ತೊಟ್ಟಿಲಿನ ಆ ಅನುಭವ ಟೇಕ್‌ಆಫ್‌ನಲ್ಲಿ ಆಗುವುದಿಲ್ಲ, ಏಕೆಂದರೆ ನೀವು ಬೀಳುತ್ತಿಲ್ಲ. ನೀವು ನೇರವಾಗಿ ಮುಂದಕ್ಕೆ ಹೋಗುತ್ತೀರಿ, ಬೆಟ್ಟದ ಇಳಿಜಾರು ಕಾಲಡಿಯಿಂದ ದೂರವಾಗುತ್ತದೆ. ಅನಂತರ ಹಾರ್ನೆಸ್‌ನಲ್ಲಿ ಹಿಂದಕ್ಕೆ ಸರಿದು ಕುಳಿತರೆ ಆಯಿತು. ಕಿವಿಯಲ್ಲಿ ಗಾಳಿಯ ಸದ್ದು, ಪೈಲಟ್‌ನ ವೇರಿಯೋಮೀಟರ್ ಎಂಬ ಉಪಕರಣದ ಬೀಪ್ ಸದ್ದು. ಮೇಲೇರುವಾಗ ಅದು ಬೇಗಬೇಗ ಕೂಗುತ್ತದೆ, ಇಳಿಯುವಾಗ ದನಿ ತಗ್ಗುತ್ತದೆ. ಗೊತ್ತಿಲ್ಲದವರಿಗೆ ಅದು ಅಪಾಯದ ಗಂಟೆಯಂತೆ ಕೇಳಿ ಭಯ ಹೆಚ್ಚುತ್ತದೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಬೆಚ್ಚನೆಯ ಗಾಳಿಯೊಳಗೆ ಹೊಕ್ಕಾಗ ಒಮ್ಮೊಮ್ಮೆ ಕುಲುಕುತ್ತದೆ, ಅದೂ ಸಹಜ. ಇಳಿಯುವಾಗ ಪೈಲಟ್ "ನಿಂತುಕೊಳ್ಳಿ" ಅಥವಾ "ಕಾಲು ಮೇಲೆತ್ತಿ" ಎನ್ನುತ್ತಾರೆ. ಯಾವುದನ್ನು ಹೇಳಿದರೋ ಅಷ್ಟನ್ನೇ ಮಾಡಿ.

ಮೇಷ್ಟ್ರು, ಮದ್ದೂರು

ಗಾಳಿ ನಿಂತರೆ ಏನು ಎಂಬ ಪ್ರಶ್ನೆ ಬಹಳ ಒಳ್ಳೆಯದು. ನನ್ನ ಭೌತಶಾಸ್ತ್ರದ ತರಗತಿಯಲ್ಲಿಯೂ ಮಕ್ಕಳು ಇದನ್ನೇ ಕೇಳುತ್ತಾರೆ. ಗಾಳಿಪಟಕ್ಕೆ ಗಾಳಿ ಬೀಸುತ್ತಲೇ ಇರಬೇಕು, ಏಕೆಂದರೆ ಅದನ್ನು ದಾರ ನೆಲಕ್ಕೆ ಕಟ್ಟಿದೆ. ಪ್ಯಾರಾಗ್ಲೈಡರ್ ಅನ್ನು ಯಾವುದೂ ಕಟ್ಟಿಲ್ಲ. ಕೆಳಗೆ ತೂಗುವ ಭಾರ ಅದನ್ನು ಸದಾ ಮುಂದಕ್ಕೂ ಸ್ವಲ್ಪ ಕೆಳಕ್ಕೂ ಎಳೆಯುತ್ತಿರುತ್ತದೆ. ಗಾಳಿಯೇ ಇಲ್ಲದ ದಿನವೂ ಅದು ಗಂಟೆಗೆ ಸುಮಾರು 35ರಿಂದ 40 ಕಿಲೋಮೀಟರ್ ವೇಗದಲ್ಲಿ ಮುಂದೆ ಸಾಗುತ್ತದೆ. ಆ ಚಲನೆಯಿಂದಲೇ ರೆಕ್ಕೆಯ ಮುಂಭಾಗದ ಬಾಯಿಗಳೊಳಗೆ ಗಾಳಿ ನುಗ್ಗಿ ಅದರ ಆಕಾರ ನಿಲ್ಲುತ್ತದೆ. ಆದ್ದರಿಂದ ಬೀಸುವ ಗಾಳಿ ನಿಂತರೆ ರೆಕ್ಕೆ ಮುದುಡುವುದಿಲ್ಲ, ನಿಧಾನವಾಗಿ ಜಾರಿಕೊಂಡು ಇಳಿಯುತ್ತದೆ.

ನಮ್ಮ ಕಣ್ಣಳತೆಗೆ ಸಿಗುವ ಲೆಕ್ಕ ಕೊಡುತ್ತೇನೆ. ಚಾಮುಂಡಿ ಬೆಟ್ಟದ ತುದಿ ಮೈಸೂರಿನ ನೆಲದಿಂದ ಸುಮಾರು 300 ಮೀಟರ್ ಮೇಲಿದೆ. ನಿಶ್ಚಲ ಗಾಳಿಯಲ್ಲಿ ಪ್ಯಾರಾಗ್ಲೈಡರ್ ಸೆಕೆಂಡಿಗೆ ಸುಮಾರು 1.1 ಮೀಟರ್ ಇಳಿಯುತ್ತದೆ ಎಂದುಕೊಳ್ಳಿ. ಅಷ್ಟು ಎತ್ತರದಿಂದ ನೆಲ ಮುಟ್ಟಲು ನಾಲ್ಕೂವರೆ ನಿಮಿಷ ಬೇಕು. ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟು ಮೀಟರ್ ಮುಂದೆ ಹೋಗುವುದರಿಂದ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಇಳಿಯುವ ಜಾಗ ಹುಡುಕಿಕೊಳ್ಳಲು ಪೈಲಟ್‌ಗೆ ಇರುವ ಸಮಯ ಅದು.

ಇನ್ನೊಂದು ಮಾತು. ರೆಕ್ಕೆಯನ್ನು ಹಾರ್ನೆಸ್‌ಗೆ ಜೋಡಿಸುವ ಆ ತೆಳುವಾದ ದಾರಗಳನ್ನು ಕಂಡು ಹಲವರಿಗೆ ಹೆದರಿಕೆಯಾಗುತ್ತದೆ. ಅವು ಅರಾಮಿಡ್ ಅಥವಾ ಡೈನೀಮಾ ಎಂಬ ಬಹಳ ಗಟ್ಟಿಯಾದ ನೂಲಿನವು. ಮುಖ್ಯ ದಾರಗಳಲ್ಲಿ ಒಂದೊಂದೂ ಒಬ್ಬ ವಯಸ್ಕನ ಭಾರವನ್ನು ತಾನೊಂದೇ ತಾಳಬಲ್ಲದು.

ರೈಲ್ವೆ ಬಡಾವಣೆ

ಮಲ್ಪೆ ಕಡಲತೀರದಲ್ಲಿ ದೋಣಿ ಎಳೆದುಕೊಂಡು ಹೋಗುವಾಗ ನಾವು ಮೇಲೇರಿದ್ದೆವು. ಇದೂ ಅದೇ ತಾನೇ?

ಕಬ್ಬಿನ ಗದ್ದೆಯ ಹುಡುಗ, ಮಂಡ್ಯ

ಅಲ್ಲ ಸರ್. ಅದು ಪ್ಯಾರಾಸೈಲಿಂಗ್. ಅಲ್ಲಿ ಹಗ್ಗದಿಂದ ದೋಣಿಗೆ ಕಟ್ಟಿರುತ್ತಾರೆ, ದೋಣಿ ಎಳೆದರೆ ಏರುತ್ತೀರಿ. ಇಲ್ಲಿ ಹಗ್ಗವಿಲ್ಲ, ಪೈಲಟ್ ಎರಡು ಕೈಗಳಲ್ಲಿ ಬ್ರೇಕ್ ಎಂಬ ಹಿಡಿಕೆಗಳನ್ನು ಹಿಡಿದು ರೆಕ್ಕೆಯನ್ನು ತಿರುಗಿಸುತ್ತಾರೆ.

ಸರಸ್ವತಿಪುರಂ ನಿವಾಸಿ, ಮೈಸೂರು

ತಮ್ಮಾ, ಮೇಷ್ಟ್ರೇ, ಇಬ್ಬರಿಗೂ ತುಂಬಾ ಧನ್ಯವಾದ. ಗಾಳಿ ನಿಂತರೆ ಕಲ್ಲಿನಂತೆ ಬೀಳುತ್ತೇವೆ ಎಂದೇ ಇಷ್ಟು ದಿನ ನಂಬಿದ್ದೆ. ಆದರೂ ತಾರಸಿಯ ಮೇಲಾಗುವ ಆ ಜುಮ್ಮೆನ್ನುವಿಕೆ ಅಲ್ಲಿ ಇನ್ನೂ ಎಷ್ಟೋ ಪಟ್ಟು ಹೆಚ್ಚಾಗುವುದಿಲ್ಲವೇ? ಅದೊಂದು ಅನುಮಾನ ಹೋಗುತ್ತಿಲ್ಲ.

ಬೋಗಾದಿ ರಸ್ತೆ, ಮೈಸೂರು

ನಾನು ಶುಶ್ರೂಷಕಿ. ಎತ್ತರದ ಭಯ ನನಗೂ ಇದೆ, ಹಾಗಿದ್ದೂ ಟ್ಯಾಂಡಮ್ ಹಾರಿದ್ದೇನೆ. ಆದ್ದರಿಂದ ಎರಡೂ ಕಡೆಯಿಂದ ಹೇಳಬಲ್ಲೆ.

ನಾವು ನೆಟ್ಟಗೆ ನಿಲ್ಲುವುದಕ್ಕೆ ಕಣ್ಣು, ಒಳಕಿವಿ, ಪಾದ ಮತ್ತು ಸ್ನಾಯುಗಳ ಸಂವೇದನೆ ಮೂರೂ ಕೂಡಿ ಕೆಲಸ ಮಾಡಬೇಕು. ನಿಂತಿರುವಾಗ ದೇಹ ಸದಾ ಅಲ್ಪಸ್ವಲ್ಪ ಓಲಾಡುತ್ತಿರುತ್ತದೆ. ಹತ್ತಿರದ ಗೋಡೆ, ಮರ, ಕಂಬಗಳನ್ನು ಕಂಡು ಕಣ್ಣು ಅದನ್ನು ಸರಿಪಡಿಸುತ್ತದೆ. ತಾರಸಿಯ ಅಂಚಿನಲ್ಲಿ ಎದುರಿಗೆ ಹತ್ತಿರದ ವಸ್ತುವೇ ಇಲ್ಲ, ಎಲ್ಲವೂ ದೂರ. ಕಣ್ಣಿಗೆ ಆಧಾರ ಸಿಗದೆ ಓಲಾಟ ಹೆಚ್ಚುತ್ತದೆ, "ಬೀಳುತ್ತೀಯ" ಎಂದು ಮೆದುಳು ಎಚ್ಚರಿಸುತ್ತದೆ, ಕಾಲು ನಡುಗುತ್ತದೆ. ಅಂದರೆ ನಿಮ್ಮ ಅಂಗಾಲಿನ ಜುಮ್ಮೆನ್ನುವಿಕೆ ನಿಂತು ಸಮತೋಲನ ಕಾಯ್ದುಕೊಳ್ಳುವ ಕೆಲಸಕ್ಕೆ ಸೇರಿದ್ದು. ಹಾರ್ನೆಸ್‌ನಲ್ಲಿ ಕುಳಿತ ಮೇಲೆ ಆ ಕೆಲಸವೇ ನಿಮಗಿಲ್ಲ, ರೆಕ್ಕೆಯಿಂದ ತೂಗುತ್ತಿರುತ್ತೀರಿ. ಬಾಲ್ಕನಿಯಲ್ಲಿ ನಿಲ್ಲಲಾರದ ಎಷ್ಟೋ ಮಂದಿ ಆಕಾಶದಲ್ಲಿ ಆರಾಮವಾಗಿ ಇರುವುದಕ್ಕೆ ಇದೂ ಒಂದು ಕಾರಣ. ನನಗೂ ಹಾಗೆಯೇ ಆಯಿತು. ನೆಲ ಬಿಡುವವರೆಗೆ ಅಂಗೈ ಬೆವರುತ್ತಿತ್ತು, ಬಿಟ್ಟ ಮೇಲೆ ಆ ಜುಮ್ಮೆನ್ನುವಿಕೆ ಬರಲಿಲ್ಲ. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಭರವಸೆ ಕೊಡಲಾರೆ. ತೀವ್ರ ಫೋಬಿಯಾ ಇದ್ದವರು, ಎತ್ತರದ ಚಿತ್ರ ಕಂಡರೂ ಉಸಿರು ಸಿಕ್ಕಿಕೊಳ್ಳುವವರು, ಮೊದಲು ಮನಃಶಾಸ್ತ್ರಜ್ಞರನ್ನು ಕಾಣಬೇಕು. ಹಂತ ಹಂತವಾಗಿ ಎತ್ತರಕ್ಕೆ ಒಗ್ಗಿಸುವ ಚಿಕಿತ್ಸೆ ಇದೆ, ಅದು ಫಲ ಕೊಡುತ್ತದೆ.

ನೆಲದ ಮೇಲಿರುವಾಗಲೂ ತಲೆ ಸುತ್ತಿ ಕೋಣೆಯೇ ತಿರುಗಿದಂತಾಗುವುದು ಇದರಿಂದ ಬೇರೆ, ಅದು ಒಳಕಿವಿಯ ತೊಂದರೆಯಿರಬಹುದು. ನಮ್ಮ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಮತೋಲನದ ಪರೀಕ್ಷೆಗಳನ್ನು ಮಾಡುತ್ತಾರೆ. ಅಂಥವರು ಅದನ್ನು ಮುಗಿಸಿಕೊಂಡು ನಿರ್ಧರಿಸಲಿ. ಗರ್ಭಿಣಿಯರು, ಹೃದಯದ ಕಾಯಿಲೆ ಇರುವವರು, ಹತೋಟಿಗೆ ಬಾರದ ರಕ್ತದೊತ್ತಡ ಅಥವಾ ಮೂರ್ಛೆರೋಗ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಬೆನ್ನುಮೂಳೆಯ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಲೇಬಾರದು.

ಕಾಯುವಾಗ ಎದೆ ಬಡಿತ ಏರಿದರೆ ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡಿ. ಬಿಡುವ ಉಸಿರು ಉದ್ದವಾಗಿರುವುದು ಮುಖ್ಯ, ಬಡಿತವನ್ನು ತಗ್ಗಿಸುವುದು ಅದೇ. ಇದನ್ನು ಇಂದಿನಿಂದಲೇ ಮನೆಯಲ್ಲಿ ರೂಢಿಸಿಕೊಳ್ಳಿ. ಬಿಲ್ಲಿಂಗ್‌ನಲ್ಲಿ ನಿಂತು ಮೊದಲ ಸಲ ಪ್ರಯತ್ನಿಸಿದರೆ ಆಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿಯೂ ಹೋಗಬೇಡಿ, ಭರ್ಜರಿ ಊಟ ಮಾಡಿಯೂ ಹೋಗಬೇಡಿ. ಎರಡು ಇಡ್ಲಿಯಷ್ಟು ಹಗುರವಾದ ತಿಂಡಿ, ಒಂದೂವರೆ ಗಂಟೆ ಮೊದಲು. ಮೇಲೆ ಸುತ್ತು ಹಾಕುವಾಗ ವಾಕರಿಕೆ ಬಂದರೆ ಕೆಳಗೆ ನೋಡದೆ ದೂರದ ದಿಗಂತ ನೋಡಿ, ಪೈಲಟ್‌ಗೆ ಕೂಡಲೇ ಹೇಳಿ. ಸುತ್ತು ನಿಲ್ಲಿಸಿ ನೇರವಾಗಿ ಹಾರಿಸುತ್ತಾರೆ.

ಪಾಂಡವಪುರದವನು

ಇಷ್ಟೆಲ್ಲ ಯೋಚನೆ ಮಾಡುತ್ತಾ ಕುಳಿತರೆ ಭಯ ಇನ್ನೂ ಬೆಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡೆ ನಾಲೆಗೆ ತಳ್ಳಿಯೇ ಈಜು ಕಲಿಸುತ್ತಿದ್ದರು. ಜೊತೆಗಿದ್ದವರು ಸ್ವಲ್ಪ ಒತ್ತಾಯ ಮಾಡಿದರೆ ತಪ್ಪೇನು? ಇಳಿದ ಮೇಲೆ ಅವರೇ ಧನ್ಯವಾದ ಹೇಳುತ್ತಾರೆ.

ಜಯಲಕ್ಷ್ಮೀಪುರಂ ಓದುಗ

ಪಾಂಡವಪುರದವರೇ, ನಿಮ್ಮ ಮಾತನ್ನು ನಾನು ಒಪ್ಪಲಾರೆ. ಬೇರೊಂದು ರಾಜ್ಯದ ಗಿರಿಧಾಮದಲ್ಲಿ ನಾನು ಹಾರ್ನೆಸ್ ತೊಟ್ಟು ನಿಂತ ಮೇಲೆ ಬೇಡ ಎಂದು ಹಿಂದೆ ಸರಿದವನು. ಹಣ ಹಿಂದಿರುಗುವುದಿಲ್ಲ, ಹಿಂದೆ ಸಾಲು ನಿಂತಿದೆ, ಹೆಣ್ಣುಮಕ್ಕಳೇ ಹಾರುತ್ತಿದ್ದಾರೆ ಎಂದು ಅಲ್ಲಿನ ಕೆಲಸಗಾರರು ಒಬ್ಬರಾದ ಮೇಲೊಬ್ಬರು ನನ್ನನ್ನು ದಬಾಯಿಸಿದರು. ನನ್ನ ಗೆಳೆಯರೂ ಮೊಬೈಲ್ ಹಿಡಿದು ಚಿತ್ರೀಕರಿಸುತ್ತಾ ನಗುತ್ತಿದ್ದರು. ನಾನು ಪಟ್ಟಿ ಬಿಚ್ಚಿಸಿಕೊಂಡು ವಾಹನದಲ್ಲಿ ಕೆಳಗಿಳಿದೆ. ಆ ದಿನ ಸರಿಯಾದದ್ದನ್ನೇ ಮಾಡಿದೆ ಎಂದು ಇಂದಿಗೂ ನಂಬಿದ್ದೇನೆ. ಯಾರು ಹಾರಬೇಕು ಎನ್ನುವುದನ್ನು ಅವರವರೇ ನಿರ್ಧರಿಸಬೇಕು. ಹೆದರಿದವರನ್ನು ನಾಚಿಸಿ ಗಾಳಿಗೆ ಬಿಡುವುದು ಕ್ರೌರ್ಯ.

ಕಬ್ಬಿನ ಗದ್ದೆಯ ಹುಡುಗ, ಮಂಡ್ಯ

ಜಯಲಕ್ಷ್ಮೀಪುರಂ ಅಣ್ಣ ಹೇಳಿದ್ದು ಪೂರ್ತಿ ಸರಿ. ಮನಸ್ಸಿನ ಮಾತು ಬಿಡಿ, ಬರೀ ಸುರಕ್ಷತೆಯ ದೃಷ್ಟಿಯಿಂದ ನೋಡಿದರೂ ಒತ್ತಾಯ ಅಪಾಯಕಾರಿ. ನಾಲೆಗೆ ಬಿದ್ದವನಿಗೆ ಕೈಕಾಲು ಬಡಿಯುವುದಲ್ಲದೆ ಬೇರೆ ದಾರಿಯಿಲ್ಲ. ಇಲ್ಲಿ ಹಾಗಲ್ಲ: ಪ್ರಯಾಣಿಕ ಮನಸಾರೆ ಓಡಿದರೆ ಮಾತ್ರ ಟೇಕ್‌ಆಫ್ ಸರಿಯಾಗಿ ಆಗುತ್ತದೆ. ಒಲ್ಲದ ಮನಸ್ಸಿನವರು ಮೂರು ಹೆಜ್ಜೆ ಓಡಿ ಅಂಚಿನಲ್ಲಿ ಹಠಾತ್ತನೆ ನಿಲ್ಲುತ್ತಾರೆ. ರೆಕ್ಕೆ ತಲೆಯ ಮೇಲೆ ಇರುವಾಗ ಹಾಗೆ ನಿಲ್ಲುವುದರಿಂದ ಪೈಲಟ್‌ನ ಕಾಲೂ ಮುರಿಯಬಹುದು. ಅನುಭವಿ ಪೈಲಟ್ ಅನುಮಾನ ಕಂಡರೆ ತಾವೇ ನಿಲ್ಲಿಸುತ್ತಾರೆ. ಆದ್ದರಿಂದ ಅಕ್ಕ, ರೆಕ್ಕೆ ಎತ್ತುವ ಮೊದಲು ಯಾವ ಕ್ಷಣದಲ್ಲಾದರೂ ಬೇಡ ಎನ್ನಿ. ರೆಕ್ಕೆ ಎದ್ದು ಓಡಲು ಹೇಳಿದ ಮೇಲೆ ಮಾತ್ರ ಓಡುವುದೇ ಕ್ಷೇಮ.

ನೀವೇ ಪರೀಕ್ಷಿಸಬೇಕಾದ್ದು ಒಂದಿದೆ, ಇದನ್ನು ದಯವಿಟ್ಟು ಮರೆಯಬೇಡಿ. ಓಡುವ ಮೊದಲು ಎರಡೂ ತೊಡೆಯ ಪಟ್ಟಿಗಳು, ಎದೆಯ ಪಟ್ಟಿ ಮತ್ತು ನಿಮ್ಮನ್ನು ರೆಕ್ಕೆಗೆ ಸೇರಿಸುವ ಎರಡು ಕ್ಯಾರಬೀನರ್ ಕೊಂಡಿಗಳು ಬಿಗಿಯಾಗಿ ಮುಚ್ಚಿವೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಈ ಕ್ರೀಡೆಯ ಅತಿ ಘೋರ ಅಪಘಾತಗಳಲ್ಲಿ ಕೆಲವು ತೊಡೆಯ ಪಟ್ಟಿ ಹಾಕಲು ಮರೆತದ್ದರಿಂದ ಆದವು. ಪೈಲಟ್‌ಗೆ ಕೋಪ ಬಂದರೂ ಚಿಂತೆಯಿಲ್ಲ, ಜೋರಾಗಿ ಕೇಳಿ. ಹಿಮಾಚಲದಲ್ಲಿ ಟ್ಯಾಂಡಮ್ ಪೈಲಟ್‌ಗೆ ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಇರಬೇಕು, ಅದನ್ನು ತೋರಿಸಲು ಹೇಳಿ. ತುರ್ತಿಗೆಂದು ಇಡುವ ರಿಸರ್ವ್ ಪ್ಯಾರಾಶೂಟ್ ಎಲ್ಲಿದೆ, ವಿಮೆ ಇದೆಯೇ ಎಂದೂ ಕೇಳಿ. ಗಾಳಿ ಹೆಚ್ಚಾಗಿದೆ, ಇಂದು ಹಾರುವುದಿಲ್ಲ ಎಂದು ಪೈಲಟ್ ಹೇಳಿದರೆ ಅವರಿಗೆ ಕೈಮುಗಿಯಿರಿ. ಅಂಥವರ ಜೊತೆಯೇ ಮರುದಿನ ಹಾರಿ.

ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಕೆಟ್ಟ ಗಾಳಿಯಲ್ಲಿ ರೆಕ್ಕೆಯ ಒಂದು ಭಾಗ ಮಡಚಿಕೊಳ್ಳಬಹುದು. ಹೊಸಬರ ರೆಕ್ಕೆಗಳನ್ನು ಅದು ತಾನಾಗಿಯೇ ಬಿಚ್ಚಿಕೊಳ್ಳುವಂತೆ ರೂಪಿಸಿ, ಯುರೋಪಿನ ಇಎನ್ ಮಾನದಂಡದಲ್ಲಿ 'ಎ' ದರ್ಜೆ ಕೊಟ್ಟಿರುತ್ತಾರೆ. ಆದರೆ ನೆಲಕ್ಕೆ ಹತ್ತಿರವಿದ್ದಾಗ ಬಿಚ್ಚಿಕೊಳ್ಳಲು ಎತ್ತರ ಸಾಲದು. ಯಾವ ಹವೆಯಲ್ಲಿ ಹಾರಬಾರದು ಎಂದು ತಿಳಿಯುವುದೇ ಈ ವಿದ್ಯೆಯ ಮುಕ್ಕಾಲು ಭಾಗ.

ಮಳವಳ್ಳಿಯ ತಾಯಿ

ಎಲ್ಲವನ್ನೂ ಓದುತ್ತಿದ್ದೇನೆ. ನನ್ನ ಮಗ ಎಂಜಿನಿಯರಿಂಗ್ ಮುಗಿಸಿದ್ದಾನೆ, ಒಬ್ಬನೇ ಹಾರುವುದನ್ನು ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ. ಭಯ ಅವನಿಗಿಲ್ಲ, ನನಗಿದೆ. ಕಲಿಯುವುದಾದರೆ ಇಲ್ಲೇ ಕುಂತಿಬೆಟ್ಟದಲ್ಲೋ ಚಾಮುಂಡಿ ಬೆಟ್ಟದಲ್ಲೋ ಕಲಿಯಲಿ, ಕಣ್ಣಳತೆಯಲ್ಲಿರುತ್ತಾನೆ ಎಂದು ನನ್ನ ಆಸೆ. ಸಾಧ್ಯವೇ?

ಕಬ್ಬಿನ ಗದ್ದೆಯ ಹುಡುಗ, ಮಂಡ್ಯ

ಅಮ್ಮ, ನಿಮ್ಮ ಆತಂಕ ಅರ್ಥವಾಗುತ್ತದೆ, ನಮ್ಮ ಮನೆಯಲ್ಲಿಯೂ ಇದೇ ಇತ್ತು. ಆದರೆ ಇಲ್ಲಿ ಬೇಡ. ಚಾಮುಂಡಿ ಬೆಟ್ಟ ಮೀಸಲು ಅರಣ್ಯ, ಮಂಡಕಳ್ಳಿಯ ವಿಮಾನ ನಿಲ್ದಾಣವೂ ಹತ್ತಿರದಲ್ಲಿದೆ. ವಿಮಾನಗಳ ದಾರಿಯಲ್ಲಿ ಅನುಮತಿಯಿಲ್ಲದೆ ಯಾರೂ ಹಾರುವಂತಿಲ್ಲ. ಕುಂತಿಬೆಟ್ಟ ಬರೀ ಬಂಡೆ. ರೆಕ್ಕೆ ಹರಡಲು, ಓಡಲು ಹುಲ್ಲಿನ ಇಳಿಜಾರು ಬೇಕು, ಇಳಿಯಲು ವಿಶಾಲವಾದ ಬಯಲು ಬೇಕು. ನಮ್ಮಲ್ಲಿ ಕೆಳಗೆ ತೆಂಗಿನ ತೋಟ, ಆಳೆತ್ತರದ ಕಬ್ಬು, ಪಂಪ್‌ಸೆಟ್‌ಗಳಿಗೆ ಹೋಗುವ ವಿದ್ಯುತ್ ತಂತಿ. ಹೊಸಬನಿಗೆ ಆ ತಂತಿಗಳು ಮೇಲಿನಿಂದ ಕಾಣುವುದೇ ಇಲ್ಲ. ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಸಮತಟ್ಟಾದ ನೆಲದಿಂದಲೇ ಏರುವ ಪ್ಯಾರಾಮೋಟರ್ ಇದೆ, ಅದಕ್ಕೂ ಪ್ರತ್ಯೇಕ ತರಬೇತಿ ಮತ್ತು ಅನುಮತಿ ಬೇಕು.

ಮಗನನ್ನು ಕಾಮಶೇತ್‌ನಂತಹ ಕಡೆಗೆ, ಅಕ್ಟೋಬರ್‌ನಿಂದ ಮೇ ನಡುವೆ ಕಳುಹಿಸಿ. ಮೊದಲ ದಿನವೇ ಬೆಟ್ಟ ಹತ್ತಿಸುವುದಿಲ್ಲ. ಸಮತಟ್ಟಾದ ಬಯಲಿನಲ್ಲಿ ನಿಂತು ರೆಕ್ಕೆಯನ್ನು ತಲೆಯ ಮೇಲೆ ಎತ್ತಿ ನಿಲ್ಲಿಸುವುದು, ಇಳಿಸುವುದು, ಮತ್ತೆ ಎತ್ತುವುದು. ಭುಜ ನೋಯುತ್ತದೆ, ಬೇಸರ ಬರುತ್ತದೆ, ಆದರೆ ಗಾಳಿಯ ಗುಣ ಕೈಗೆ ಹತ್ತುವುದು ಅಲ್ಲಿಯೇ. ಆಮೇಲೆ ಪುಟ್ಟ ದಿಬ್ಬದಿಂದ ಕೆಲವು ಸೆಕೆಂಡುಗಳ ಜಿಗಿತ. ಅನಂತರವೇ ಎತ್ತರ, ಅದೂ ಶಿಕ್ಷಕರು ರೇಡಿಯೋದಲ್ಲಿ ಕಿವಿಗೆ ಸೂಚನೆ ಕೊಡುತ್ತಿರುವಾಗ. ನೀವೂ ಜೊತೆಗೆ ಹೋಗಿ ಎರಡು ದಿನ ಆ ಬಯಲಿನ ಪಕ್ಕ ಕುಳಿತು ನೋಡಿ ಅಮ್ಮ. ನನ್ನ ತಾಯಿಯ ಭಯ ನನ್ನ ಮಾತಿನಿಂದ ಹೋಗಲಿಲ್ಲ, ಆ ಬಯಲಿನಲ್ಲಿ ಕುಳಿತು ನೋಡಿದ ಮೇಲೆ ಹೋಯಿತು.

ಮೇಷ್ಟ್ರು, ಮದ್ದೂರು

ಹುಡುಗ ಹೇಳಿದ "ಬೆಚ್ಚನೆಯ ಗಾಳಿ"ಯನ್ನು ಥರ್ಮಲ್ ಎನ್ನುತ್ತಾರೆ. ಅದನ್ನು ನಮ್ಮ ಜಿಲ್ಲೆಯಲ್ಲಿಯೇ ನೋಡಬಹುದು. ವಿಶ್ವೇಶ್ವರಯ್ಯ ನಾಲೆಯ ನೀರು ನಿಂತ ಭತ್ತದ ಗದ್ದೆ ಬಿಸಿಲಿಗೆ ನಿಧಾನವಾಗಿ ಕಾಯುತ್ತದೆ. ಪಕ್ಕದ ಬೋಳುಬಂಡೆ, ಉತ್ತ ಒಣಹೊಲ ಬೇಗ ಕಾಯುತ್ತವೆ. ಅವುಗಳ ಮೇಲಿನ ಗಾಳಿ ಹಗುರವಾಗಿ ಕಂಬದಂತೆ ಮೇಲೇಳುತ್ತದೆ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಏರುವುದು ಅದರಲ್ಲಿಯೇ. ಪ್ಯಾರಾಗ್ಲೈಡರ್ ಮಾಡುವುದೂ ಅದನ್ನೇ. ನಡುಮಧ್ಯಾಹ್ನ ಈ ಕಂಬಗಳು ಬಲವಾಗಿರುವುದರಿಂದ ಕುಲುಕಾಟ ಹೆಚ್ಚು, ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ಕಡಿಮೆ. ಸರಸ್ವತಿಪುರಂನವರು ಈಗಿನಿಂದಲೇ ದಿನಕ್ಕೆ ಹತ್ತು ನಿಮಿಷ ಹದ್ದುಗಳನ್ನು ಗಮನಿಸಲಿ. ಅವುಗಳೂ ಗಾಳಿಯಲ್ಲಿ ಕುಲುಕುತ್ತವೆ, ರೆಕ್ಕೆ ಓರೆಯಾಗುತ್ತದೆ, ಸರಿಪಡಿಸಿಕೊಳ್ಳುತ್ತವೆ. ಅದನ್ನು ಕಂಡಿದ್ದರೆ ಮೇಲೆ ಕುಲುಕಿದಾಗ ಏನಾಗುತ್ತಿದೆ ಎಂದು ತಿಳಿಯುತ್ತದೆ.

ಪಾಂಡವಪುರದವನು

ಓಡುತ್ತಾ ಅಂಚಿನಲ್ಲಿ ನಿಂತುಬಿಡುವ ಅಪಾಯ ನನಗೆ ತಿಳಿದಿರಲಿಲ್ಲ. ಒತ್ತಾಯ ಬೇಡ ಎಂಬುದನ್ನು ಒಪ್ಪುತ್ತೇನೆ.

ಸರಸ್ವತಿಪುರಂ ನಿವಾಸಿ, ಮೈಸೂರು

ಬಿಲ್ಲಿಂಗ್‌ವರೆಗೆ ಖಂಡಿತ ಹೋಗುತ್ತೇನೆ. ಹಾರುವುದೋ ಬೇಡವೋ ಅಲ್ಲಿನ ಗಾಳಿ, ಪೈಲಟ್, ನನ್ನ ಮನಸ್ಸು ಮೂರನ್ನೂ ನೋಡಿ ನಿರ್ಧರಿಸುತ್ತೇನೆ ಎಂದು ಸಹೋದ್ಯೋಗಿಗಳಿಗೆ ಇಂದೇ ಹೇಳಿದೆ. ಯಾರೂ ನನ್ನನ್ನು ಚಿತ್ರೀಕರಿಸಬಾರದು, ಒತ್ತಾಯಿಸಬಾರದು ಎಂದೂ ಹೇಳಿದೆ, ಒಪ್ಪಿದರು. ಕೊನೆಯದಾಗಿ ಒಂದು ಪ್ರಶ್ನೆ: ನಾನು ಕನ್ನಡಕ ಹಾಕುತ್ತೇನೆ, ಅದರ ಜೊತೆ ಹಾರಬಹುದೇ? ಬಟ್ಟೆ, ಚಪ್ಪಲಿ ಹೇಗಿರಬೇಕು?

ಕಬ್ಬಿನ ಗದ್ದೆಯ ಹುಡುಗ, ಮಂಡ್ಯ

ಕನ್ನಡಕ ಇರಲಿ ಅಕ್ಕ, ತಲೆಯ ಹಿಂದೆ ಬಿಗಿಯುವ ದಾರ ಕಟ್ಟಿಕೊಳ್ಳಿ. ದುಪಟ್ಟಾ, ಉದ್ದನೆಯ ಸರ ಬೇಡ. ಚಪ್ಪಲಿ ಬೇಡವೇ ಬೇಡ, ಪಾದ ಹಿಡಿಯುವ ಶೂ ಹಾಕಿ. ಲೇಸ್ ಸುತ್ತುವ ಲೋಹದ ಕೊಕ್ಕೆಗಳಿರುವ ಬೂಟು ಆಗದು, ಕೊಕ್ಕೆಗೆ ರೆಕ್ಕೆಯ ದಾರ ಸಿಕ್ಕಿಕೊಳ್ಳುತ್ತದೆ. ಮೇಲೆ ಚಳಿ ಇರುವುದರಿಂದ ಗಾಳಿ ತಡೆಯುವ ಜಾಕೆಟ್ ಮತ್ತು ಕೈಗವಸು ಬೇಕು. ಮೊಬೈಲ್ ಜಿಪ್ ಇರುವ ಜೇಬಿನೊಳಗೆ ಇರಲಿ. ನಿಮ್ಮ ತೂಕವನ್ನು ಇದ್ದಂತೆಯೇ ಹೇಳಿ, ಯಾವ ರೆಕ್ಕೆ, ಯಾವ ಪೈಲಟ್ ಎಂದು ನಿರ್ಧರಿಸುವುದು ಅದರ ಮೇಲೆಯೇ. ಮತ್ತೆ, ಕಾದಿರಿಸುವಾಗ ಬೆಳಗಿನ ಸರದಿಯನ್ನೇ ಕೇಳಿ.